ಅಡುಗೆಕಟ್ಟೆ ಇಳಿಸಿದ್ದು

ನಮ್ಮ ಅಡುಗೆಮನೆಯ ಹೊಸ್ತಿಲು ಕಿತ್ತು, ಕಟ್ಟೆ ಇಳಿಸಬೇಕು ಎಂದು ಮೊದಲು ಹೇಳಿದವರು ನಮ್ಮ ಅತ್ತೆ. ನಾನು ಹೇಳಿದ್ದಲ್ಲ, ನನ್ನ ಗಂಡ ಹೇಳಿದ್ದೂ ಅಲ್ಲ. ಆ ಮನೆಗೆ ಬಂದಂದಿನಿಂದ ದಿನಾ ಬೆಳಿಗ್ಗೆ ಆ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಇಡುತ್ತಿದ್ದವರು ಅವರು. ಹಾಗಾಗಿ ಮಾತು ಅವರ ಬಾಯಿಂದ ಬಂದಾಗ ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅನುಮಾನವಾಯಿತು.

ಮನೆ ಇರುವುದು ಭದ್ರಾವತಿಯ ಹಳೇ ನಗರದಲ್ಲಿ. ಮಾವ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗ ಕಟ್ಟಿಸಿದ್ದು. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾವ ಇರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಅತ್ತೆ, ನನ್ನ ಗಂಡ, ನಾನು, ಇಷ್ಟೇ ಜನ. ಹಜಾರ ಮತ್ತು ರೂಮುಗಳು ಪರವಾಗಿಲ್ಲ ಅನ್ನುವಷ್ಟು ದೊಡ್ಡವು, ಅಡುಗೆಮನೆ ಮಾತ್ರ ಚಿಕ್ಕದು. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಪಕ್ಕಕ್ಕೆ ತಿರುಗಿಕೊಂಡೇ ಹಿತ್ತಲ ಬಾಗಿಲಿಗೆ ಹೋಗಬೇಕು. ಕಡಪ ಕಲ್ಲಿನ ಕಟ್ಟೆ, ಅದೂ ಎತ್ತರಕ್ಕೆ. ಅತ್ತೆ ಎತ್ತರದ ಹೆಂಗಸು, ಅವರ ಸೊಂಟಕ್ಕೆ ಸರಿಯಾಗಿ ಹಾಕಿಸಿದ್ದರು. ನಾನು ಗಿಡ್ಡ. ಮದುವೆಯಾದ ಹೊಸದರಲ್ಲಿ ಒಂದು ಮಣೆಯ ಮೇಲೆ ನಿಂತು ಮುದ್ದೆ ತಿರುವುತ್ತಿದ್ದೆ.

ಬೆನ್ನುನೋವು ಶುರುವಾದಾಗ ನಾನು ಶಿವಮೊಗ್ಗದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ದಿನಾ ಬಸ್ಸಿನ ಓಡಾಟ. ಕುಲುಕಾಟಕ್ಕೆ ಬಂದ ನೋವು ಎಂದುಕೊಂಡು ಎಣ್ಣೆ ತಿಕ್ಕಿಸಿಕೊಂಡೆ. ಒಂದು ಸಂಜೆ ಬಸ್ಸಿಳಿದು ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದಿನಿಂದ ಕಂಡಕ್ಟರ್ ಕೂಗಿದ. ನನ್ನ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತು. ಬರಿಗಾಲಲ್ಲಿ ಡಾಂಬರಿನ ಮೇಲೆ ನಿಂತಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ.

ಸ್ಕ್ಯಾನಿಂಗ್ ಮಾಡಿಸಿದರೆ ಬೆನ್ನುಹುರಿಗೆ ಒತ್ತಿಕೊಂಡು ಒಂದು ಗಡ್ಡೆ. ಕೆಟ್ಟ ಗಡ್ಡೆಯಲ್ಲ, ತೆಗೆದರೆ ಸರಿಹೋಗಬಹುದು ಎಂದರು. ತೆಗೆದರು. ಗಡ್ಡೆ ಹೋಯಿತು, ಕಾಲು ಬರಲಿಲ್ಲ. ಸೊಂಟದಿಂದ ಕೆಳಗೆ ಯಾರದೋ ದೇಹವನ್ನು ನನಗೆ ಜೋಡಿಸಿದ ಹಾಗಿತ್ತು. ‘ನರಗಳು ಚೇತರಿಸಿಕೊಳ್ಳೋಕೆ ಟೈಮ್ ಬೇಕು’ ಎಂದು ಡಾಕ್ಟರು ಹೇಳಿದರು. ಆ ಮಾತನ್ನು ನನ್ನ ಗಂಡ ಗಟ್ಟಿಯಾಗಿ ಹಿಡಿದುಕೊಂಡರು.

ಫಿಸಿಯೋಥೆರಪಿಗೆ ಹತ್ತಿರವಾಗಲಿ ಎಂದು ಮೊದಲು ಶಿವಮೊಗ್ಗದ ವಿದ್ಯಾನಗರದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಇರಿಸಿದರು. ಅಲ್ಲಿ ಎಲ್ಲ ಸಪಾಟು ನೆಲ, ವೀಲ್‌ಚೇರ್ ಎಲ್ಲಿ ಬೇಕಾದರೂ ಹೋಗುತ್ತಿತ್ತು. ಆದರೆ ಅದು ಅಕ್ಕನ ಮನೆ. ಬೆಳಗಾಗುತ್ತಲೇ ಕಾಫಿ ಕೈಗೆ ಬರುತ್ತಿತ್ತು, ಲೋಟ ಕೈಯಿಂದ ಹೋಗುತ್ತಿತ್ತು. ‘ನೀನು ಸುಮ್ಮನೆ ಕೂತ್ಕೋ’ ಅನ್ನುವ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದೆನೋ. ನನ್ನ ಮನೆಗೆ ಹೋಗಬೇಕು ಎಂದು ಹಟ ಮಾಡಿ ಬಂದೆ.

ಬಂದ ಮೇಲೆ ತಿಳಿಯಿತು, ನನ್ನ ಮನೆಯೂ ನನ್ನದಾಗಿ ಉಳಿದಿಲ್ಲ ಎಂದು. ಬೀದಿ ಬಾಗಿಲಿಗೆ ಗಂಡ ಹಲಗೆ ಇಟ್ಟು ಚೇರನ್ನು ಒಳಗೆ ತಳ್ಳಿದರು, ಆಮೇಲೆ ಆ ಹಲಗೆ ತೆಗೆದು ಗೋಡೆಗೆ ಒರಗಿಸಿಟ್ಟರು. ಅಡುಗೆಮನೆ ಬಾಗಿಲಲ್ಲಿ ಚೇರು ನಿಂತುಬಿಟ್ಟಿತು. ಅಲ್ಲಿನ ಮರದ ಹೊಸ್ತಿಲು ಒಂದು ಗೇಣಿನಷ್ಟು ಎತ್ತರ, ಒಳಗೆ ಹಲಗೆ ಇಳಿಸುವಷ್ಟು ಜಾಗವಿಲ್ಲ. ನಾನು ಈಚೆ ಕೂತು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಬೀನ್ಸ್ ಹೆಚ್ಚುತ್ತಿದ್ದೆ, ಅತ್ತೆ ಆಚೆ ನಿಂತು ಅಡುಗೆ ಮಾಡುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಮಂಡಿನೋವಿಗೆ ಒಂದು ಕೈ ಕಟ್ಟೆಯ ಮೇಲೆ ಊರಿಕೊಂಡು ಇನ್ನೊಂದು ಕೈಯಲ್ಲಿ ಸೌಟು ಆಡಿಸುತ್ತಿದ್ದರು. ಅದನ್ನು ನೋಡಲಾರದೆ ನಾನು ತಲೆ ಬಗ್ಗಿಸಿ ಹೆಚ್ಚುತ್ತಿದ್ದೆ.

ಅಕ್ಕ ಒಂದು ಸಲ ಫೋನಿನಲ್ಲಿ ಅಡುಗೆಮನೆ ಸ್ವಲ್ಪ ಬದಲಾಯಿಸಬಾರದೇ ಎಂದಳು. ನನ್ನ ಗಂಡನಿಗೆ ಹೇಳಿದೆ. ಅವರಿಗೆ ಹೊಸ ನಗರದಲ್ಲಿ ಮೋಟಾರು ರಿಪೇರಿ ಅಂಗಡಿ. ಕೆಟ್ಟುಹೋದ ಯಾವ ಮೋಟಾರನ್ನೂ ಆಗಲ್ಲ ಎಂದು ವಾಪಸ್ಸು ಕಳಿಸಿದವರಲ್ಲ.

‘ಇನ್ನು ಆರು ತಿಂಗಳಲ್ಲಿ ನೀನು ಓಡಾಡ್ತೀಯ. ಈಗ ಒಡೆದು ಆಮೇಲೆ ಮತ್ತೆ ಕಟ್ಟಿಸೋದಾ?’ ಎಂದರು.

ನಾನು ಮತ್ತೆ ಆ ಮಾತೆತ್ತಲಿಲ್ಲ. ನನ್ನ ಚಪ್ಪಲಿಯನ್ನು ಅವರು ಒರೆಸಿ ಬಾಗಿಲ ಪಕ್ಕ ಜೋಡಿಸಿಟ್ಟಿದ್ದರು. ಅದನ್ನು ಕಂಡ ಮೇಲೆ ಏನು ವಾದ ಮಾಡುವುದು?

ಹೀಗೆ ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಪಕ್ಕದ ಬೀದಿಯಲ್ಲಿ ಯಾರೋ ತೀರಿಕೊಂಡರೆಂದು ಅತ್ತೆ ಮಾತಾಡಿಸಿ ಬರಲು ಹೋದರು. ಹಾಲು ಸಣ್ಣ ಉರಿಯಲ್ಲಿಟ್ಟಿದ್ದು ಅವಸರದಲ್ಲಿ ಮರೆತುಹೋಗಿತ್ತು. ನಾನು ಹಜಾರದಲ್ಲಿ ಪೇಪರ್ ಓದುತ್ತಿದ್ದೆ. ಹಾಲು ಉಕ್ಕಿದ ಸದ್ದು ಕೇಳಿತು, ಉರಿ ಆರಿದ್ದು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಗ್ಯಾಸ್ ವಾಸನೆ.

ಎರಡು ಸಲ ಪಕ್ಕದ ಮನೆಯವರನ್ನು ಕೂಗಿದೆ, ಯಾರೂ ಇರಲಿಲ್ಲ. ಮೊಬೈಲು ರೂಮಿನಲ್ಲಿ ಚಾರ್ಜಿಗಿತ್ತು. ಹೊಸ್ತಿಲವರೆಗೆ ಚೇರು ತಳ್ಳಿಕೊಂಡು ಹೋಗಿ, ಬ್ರೇಕ್ ಹಾಕಿ, ಕೆಳಕ್ಕೆ ಜಾರಿದೆ. ಮೊಣಕೈ ಊರಿಕೊಂಡು ಮೈಯನ್ನು ಹೊಸ್ತಿಲಿನಾಚೆ ಎಳೆದುಕೊಂಡೆ. ಕಾಲುಗಳು ಮೂಟೆಯ ಹಾಗೆ ಹಿಂದೆ ಬಂದವು. ಒಲೆಯ ತಿರುಗಣೆ ನನ್ನ ಕೈಗೆ ಎಟುಕುವ ಮಾತೇ ಇಲ್ಲ. ಕಟ್ಟೆಯ ಕೆಳಗಿದ್ದ ಸಿಲಿಂಡರಿನ ರೆಗ್ಯುಲೇಟರ್ ಸಿಕ್ಕಿತು, ತಿರುಗಿಸಿದೆ. ಹಿತ್ತಲ ಬಾಗಿಲಿನ ಕೆಳಗಿನ ಅಗುಳಿ ಸರಿಸಿ ತಳ್ಳಿದೆ. ಗಾಳಿ ಬಂತು. ಆಮೇಲೆ ಎಲ್ಲಿಗೂ ಹೋಗಲಾರದೆ ಅಲ್ಲೇ ಮಲಗಿದ್ದೆ. ಕಟ್ಟೆಯ ಅಂಚಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

ಅತ್ತೆ ಸ್ನಾನಕ್ಕೆಂದು ಹಿತ್ತಲ ಕಡೆಯಿಂದಲೇ ಬಂದವರು ಬಾಗಿಲಲ್ಲಿ ನಿಂತುಬಿಟ್ಟರು. ನನ್ನ ಎರಡೂ ಮಂಡಿಗಳು ಹೊಸ್ತಿಲಿಗೆ ಉಜ್ಜಿ ಸುಲಿದು ನೆಲದ ಮೇಲೆ ರಕ್ತ ಹರಡಿತ್ತು, ನನಗೆ ಅದೂ ತಿಳಿದಿರಲಿಲ್ಲ. ಸಾವಿನ ಮನೆಯಿಂದ ಬಂದವರು ನೀರು ಹಾಕಿಕೊಳ್ಳದೆ ಯಾವತ್ತೂ ಅಡುಗೆಮನೆಗೆ ಕಾಲಿಟ್ಟವರಲ್ಲ. ಅವತ್ತು ಹಾಗೇ ಒಳಗೆ ಬಂದರು, ನೆಲದ ಮೇಲೆ ಕೂತು ನನ್ನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

‘ನಾನೇ ಮಾರಾಯ್ತಿ, ಮರೆತು ಹೋದೆ’ ಅಂದರು. ಅಷ್ಟೇ.

ಸಂಜೆ ಮಗ ಅಂಗಡಿಯಿಂದ ಬರುತ್ತಲೇ ಅತ್ತೆ ಕಾಫಿಯನ್ನೂ ಕೊಡದೆ ಕೂರಿಸಿದರು.

‘ನಾಳೆ ಮೇಸ್ತ್ರಿನ ಕರ್ಕೊಂಡು ಬಾ. ಹೊಸ್ತಿಲು ತೆಗೀಬೇಕು. ಕಟ್ಟೆ ಇವಳ ಎತ್ತರಕ್ಕೆ ಇಳಿಸ್ಬೇಕು.’

‘ಸ್ವಲ್ಪ ದಿನ ತಡ್ಕೊಳ್ಳಮ್ಮಾ. ನಡೀತಾಳೆ ಅವಳು.’

‘ನಡೆದ್ರೆ ಮತ್ತೆ ಎತ್ತರ ಮಾಡಿಸು. ನಾನು ಬೇಡ ಅಂತೀನಾ? ನಡೀಲಿಲ್ಲ ಅಂದ್ರೆ?’

ಆ ಮಾತನ್ನು ಅಲ್ಲಿವರೆಗೆ ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ನನ್ನ ಗಂಡ ತಾಯಿಯ ಮುಖ ನೋಡಿದರು, ಆಮೇಲೆ ಬ್ಯಾಂಡೇಜ್ ಸುತ್ತಿದ್ದ ನನ್ನ ಮಂಡಿ ನೋಡಿದರು. ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದು ನನ್ನ ಚೇರಿನ ಪಕ್ಕ ನೆಲದ ಮೇಲೆ ಕೂತರು.

‘ನಿಂಗೂ ಹಾಗೇ ಅನ್ಸುತ್ತಾ?’

‘ಹೂಂ ಕಣ್ರೀ. ಅಕ್ಕನ ಮನೇಲಿದ್ದಾಗ್ಲೇ ಅನ್ಸಿತ್ತು.’

‘ನಂಗ್ಯಾಕೆ ಹೇಳ್ಲಿಲ್ಲ?’

ನಾನು ಬಾಗಿಲ ಪಕ್ಕ ಜೋಡಿಸಿಟ್ಟಿದ್ದ ಚಪ್ಪಲಿಯ ಕಡೆ ನೋಡಿದೆ.

ಮೇಸ್ತ್ರಿ ಬಂದ. ನಮ್ಮ ಕಡೆಯ ಮನೆಗಳನ್ನೇ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಅವನ ಕನ್ನಡದಲ್ಲಿ ಅರ್ಧ ತಮಿಳು. ಬೆಳಿಗ್ಗೆ ಅವನು ಬರುವ ಹೊತ್ತಿಗೆ ಅತ್ತೆ ಎಂದಿನಂತೆ ಹೊಸ್ತಿಲು ತೊಳೆದು, ಅರಿಸಿನ ಕುಂಕುಮ ಇಟ್ಟು, ಎರಡು ಎಳೆ ರಂಗೋಲಿ ಹಾಕಿದ್ದರು. ಅದನ್ನು ನೋಡಿ ಅವನು ಹಾರೆ ಕೆಳಗಿಟ್ಟ.

‘ಪೂಜೆ ಮಾಡಿದ್ದನ್ನ ಹೆಂಗಮ್ಮಾ ಕೀಳೋದು?’

‘ಪೂಜೆ ಮಾಡೋಳು ನಾನು. ನಾನೇ ಹೇಳ್ತಿದೀನಿ, ಕೀಳಪ್ಪ’ ಎಂದರು ಅತ್ತೆ. ಹೇಳಿದವರು ಅಲ್ಲಿ ನಿಲ್ಲಲಿಲ್ಲ. ದೇವರ ಗೂಡಿನಲ್ಲಿದ್ದ ಪಟಗಳನ್ನು ಒಂದೊಂದಾಗಿ ಒರೆಸುತ್ತಾ ನಡುಮನೆಯಲ್ಲಿ ಕೂತರು. ಹಾರೆಯ ಏಟು ಬಿದ್ದಾಗೆಲ್ಲ ಅವರ ಕೈ ನಿಲ್ಲುತ್ತಿತ್ತು.

ಎದುರು ಮನೆಯ ಹೆಂಗಸು ಸದ್ದು ಕೇಳಿ ಬಂದು, ಹೊಸ್ತಿಲಿಲ್ಲದ ಅಡುಗೆಮನೆ ಒಳ್ಳೇದಲ್ಲ ಎಂದೇನೋ ಶುರು ಮಾಡಿದರು. ಅತ್ತೆ ಅವರಿಗೆ ಕಾಫಿ ಕುಡಿಯುತ್ತೀರಾ ಎಂದು ಕೇಳಿದರು. ಒಲೆ ಹಜಾರಕ್ಕೆ ಬಂದಿದೆ, ಇಲ್ಲೇ ಮಾಡ್ತೀನಿ ಎಂದರು. ಅವರು ಬೇಡವೆಂದು ಹೋದರು.

ಸಂಜೆ ನನ್ನ ಗಂಡ ಅಂಗಡಿಯಿಂದ ಬಂದ ಮೇಲೆ ಕಟ್ಟೆಯ ಅಳತೆಗೆ ನನ್ನನ್ನು ಚೇರಿನಲ್ಲಿ ಒಳಗೆ ತಂದು ಗೋಡೆಗೆ ಎದುರಾಗಿ ನಿಲ್ಲಿಸಿದರು. ಮಂಡಿ ಕೆಳಗೆ ಹೋಗಬೇಕು, ಕೈ ಮೇಲೆ ಆರಾಮಾಗಿ ಆಡಬೇಕು. ಮೇಸ್ತ್ರಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಹಳೆಯ ಕಟ್ಟೆಯ ಗುರುತು ಅದಕ್ಕಿಂತ ಎಷ್ಟೋ ಮೇಲಿತ್ತು. ನನ್ನ ಗಂಡ ಎರಡು ಗೆರೆಗಳನ್ನೂ ನೋಡುತ್ತಾ ನಿಂತಿದ್ದರು.

ಮೊದಲ ದಿನ ಅವರು ಅಂಗಡಿಗೆ ಹೋಗಿದ್ದರು. ಎರಡನೆಯ ದಿನ ಹೋಗಲಿಲ್ಲ. ಒಡೆದ ಇಟ್ಟಿಗೆ, ಗಾರೆಯನ್ನು ಬಾಂಡಲಿಗೆ ತುಂಬಿ ತಾವೇ ಹೊತ್ತರು. ಕೂಲಿಯವನು ಬಿಡಿ ಸಾರ್ ಎಂದರೂ ಬಿಡಲಿಲ್ಲ. ಕಟ್ಟೆಯ ಕೆಳಗೆ ಗೋಡೆ ಬಂದರೆ ನನ್ನ ಕಾಲಿಗೆ ಅಡ್ಡ ಎಂದು, ಗೆಳೆಯನ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಕಬ್ಬಿಣದ ಚೌಕಟ್ಟು ಮಾಡಿಸಿ ತಂದರು. ಅದರ ಮೂಲೆಗಳನ್ನು ಕೈಯಿಂದ ಸವರಿ ಸವರಿ, ಚೂಪಾದ ಕಡೆಯೆಲ್ಲ ಉಜ್ಜಿದರು. ನನ್ನ ಕಾಲಿಗೆ ಗಾಯವಾದರೆ ನನಗೆ ತಿಳಿಯುವುದಿಲ್ಲವಲ್ಲ. ಸಿಲಿಂಡರ್ ಹಿತ್ತಲಿಗೆ ಹೋಯಿತು, ಗೋಡೆಯಲ್ಲಿ ತೂತು ಕೊರೆದು ಪೈಪ್ ಎಳೆದರು. ಅತ್ತೆಯ ದೊಡ್ಡ ಪಾತ್ರೆಗಳಿಗೆ ಜಾಗವಿಲ್ಲದೆ ಅಟ್ಟ ಸೇರಿದವು.

ಎಲ್ಲ ಮುಗಿದು, ನೆಲ ಒಣಗಿ, ಹಾಲು ಉಕ್ಕಿಸಿದ ಮಾರನೆಯ ದಿನ ನಾನು ಚೇರು ತಳ್ಳಿಕೊಂಡು ಒಳಗೆ ಹೊರಟೆ.

‘ಸ್ವಲ್ಪ ಇರು’ ಎಂದರು ಅತ್ತೆ. ಒದ್ದೆ ಬಟ್ಟೆ ತಂದು, ಮಂಡಿ ಹಿಡಿದುಕೊಂಡು ಬಗ್ಗಿ, ಚೇರಿನ ಗಾಲಿಗಳನ್ನು ಒರೆಸಿದರು. ಆಸ್ಪತ್ರೆಗೆ, ಬೀದಿಗೆ ಹೋಗಿಬಂದ ಗಾಲಿಗಳು. ಅವರಿಗೆ ಅವು ಚಪ್ಪಲಿಯಿದ್ದ ಹಾಗೆ. ನನಗೆ ನನ್ನನ್ನೇ ಒರೆಸಿದಂತಾಯಿತು. ಒಳಗೆ ಹೋದೆ. ಇವತ್ತಿಗೂ ಅವರು ಒರೆಸುತ್ತಾರೆ. ನನಗೆ ಕೆಲವು ದಿನ ಏನೂ ಅನ್ನಿಸುವುದಿಲ್ಲ, ಕೆಲವು ದಿನ ಅನ್ನಿಸುತ್ತದೆ.

ಅವತ್ತು ತೊಗರಿಬೇಳೆ ಸಾರು ಮಾಡಿದೆ. ಮಂಡಿಗಳು ಕಟ್ಟೆಯ ಕೆಳಗೆ ಸರಿಯಾಗಿ ಹೋದವು. ನಲ್ಲಿ ಎಟುಕಿತು, ಉಪ್ಪು ಎಟುಕಿತು, ಒಲೆ ಎಟುಕಿತು. ಒಗ್ಗರಣೆಗೆ ಸಾಸಿವೆ ಹಾಕಿದಾಗ ಮುಖಕ್ಕೇ ಸಿಡಿಯಿತು. ಬಾಣಲೆ ಈಗ ನನ್ನ ಎದೆಯ ಮಟ್ಟದಲ್ಲಿತ್ತು, ಅದನ್ನು ಯಾರೂ ಯೋಚಿಸಿರಲಿಲ್ಲ. ಸಾರಿಗೆ ಒಗ್ಗರಣೆ ಸುರಿದು ಮುಚ್ಚಿದೆ. ಖುಷಿಯಾಗಬೇಕಿತ್ತು. ಅಷ್ಟು ತಿಂಗಳು ಬೇರೇನನ್ನೂ ಬಯಸಿರಲಿಲ್ಲ. ಆದರೆ ಸುತ್ತ ನೋಡಿದೆ. ಕಟ್ಟೆ, ನಲ್ಲಿ, ಸ್ವಿಚ್ಚು, ಡಬ್ಬಿಗಳ ಸಾಲು, ಎಲ್ಲವೂ ಕೂತವಳ ಅಳತೆಗೆ. ಇನ್ನು ಏಳದವಳ ಅಳತೆಗೆ. ಗೋಡೆಗೇ ಅದು ಗೊತ್ತಾಗಿದೆ ಅನ್ನಿಸಿತು. ಆಪರೇಷನ್ ಆದಾಗಲೂ ಅಳದವಳು ಅಲ್ಲಿ ಕೂತು ಅತ್ತುಬಿಟ್ಟೆ.

ಅತ್ತೆ ಬಾಗಿಲಿಗೆ ಬಂದರು. ಒಲೆ ಆರಿಸಿ, ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತರು. ನಾನು ಮುಖ ತೊಳೆದುಕೊಂಡ ನಲ್ಲಿಯ ಸದ್ದು ಕೇಳಿದ ಮೇಲೆಯೇ ಒಳಗೆ ಬಂದು ಅನ್ನಕ್ಕೆ ಅಕ್ಕಿ ತೊಳೆದುಕೊಟ್ಟರು.

ಆ ಕಟ್ಟೆ ಅವರಿಗೆ ತೀರ ತಗ್ಗು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಸ್ಟೂಲ್ ಹಾಕಿಕೊಳ್ಳಿ ಎಂದರೆ, ಕೂತು ಅಡುಗೆ ಮಾಡುವ ಕಾಲ ನಮ್ಮತ್ತೆಯವರದು, ನಂದಲ್ಲ ಎಂದರು. ನಿಧಾನಕ್ಕೆ ಕೆಲಸ ತಾನಾಗಿಯೇ ಹಂಚಿಹೋಯಿತು. ರೊಟ್ಟಿ ತಟ್ಟುವುದು, ಅಟ್ಟದ ಮೇಲಿನದು, ಹಿತ್ತಲಿನದು ಅವರದು. ಒಲೆ ನನ್ನದು. ಒಲೆ ನನಗೆ ಬಿಟ್ಟುಕೊಟ್ಟದ್ದು ಅವರಿಗೆ ಎಷ್ಟು ಕಷ್ಟವಾಯಿತು ಎಂಬುದನ್ನು ಅವರು ಹೇಳಲಿಲ್ಲ. ಸಾರಿಗೆ ಹುಳಿ ಕಡಿಮೆ ಎಂದು ಮಾತ್ರ ಈಗಲೂ ಹೇಳುತ್ತಾರೆ.

ಕಳೆದ ಬೇಸಗೆಯಲ್ಲಿ ಶಿವಮೊಗ್ಗಕ್ಕೆ ತೋರಿಸಲು ಹೋದಾಗ ಡಾಕ್ಟರು ಈ ಸಲ ಸುತ್ತಿ ಬಳಸಿ ಹೇಳಲಿಲ್ಲ. ಕಾಲಿನ ಬಲ ಇನ್ನು ಬರುವುದು ಕಷ್ಟ, ಕೈ ಭುಜ ಚೆನ್ನಾಗಿ ನೋಡಿಕೊಳ್ಳಿ ಎಂದರು. ನನ್ನ ಗಂಡ ಕೈ ಕಟ್ಟಿಕೊಂಡು ಕೇಳಿ, ಥ್ಯಾಂಕ್ಸ್ ಹೇಳಿ, ನನ್ನನ್ನು ಹೊರಗೆ ತಳ್ಳಿಕೊಂಡು ಬಂದರು.

ಗೆಳೆಯನ ಕಾರು ತಂದಿದ್ದರು. ಮಲವಗೊಪ್ಪ ದಾಟುವಾಗ ರಸ್ತೆ ಪಕ್ಕ ನಿಲ್ಲಿಸಿ ಎರಡು ಎಳನೀರು ತಂದರು. ನಾನು ಕುಡಿದೆ. ಅವರು ತಮ್ಮದನ್ನು ಹಿಡಿದುಕೊಂಡು, ಹೋಗುವ ಬರುವ ಲಾರಿಗಳನ್ನು ನೋಡುತ್ತಾ ನಿಂತಿದ್ದರು. ಆಮೇಲೆ ಕಿಟಕಿಯ ಹತ್ತಿರ ಬಗ್ಗಿದರು.

‘ಬಚ್ಚಲುಮನೆ ಬಾಗಿಲೂ ಅಗಲ ಮಾಡಿಸ್ಬಿಡೋಣ ಕಣೇ. ನಿನ್ನ ಎತ್ತಿ ಎತ್ತಿ ಕೂರಿಸೋಕೆ ಅಮ್ಮಂಗೆ ಆಗಲ್ಲ. ನಿಂಗೂ ಕಷ್ಟ.’

‘ಗೋಡೆಗೆ ಹಿಡ್ಕೊಳ್ಳೋಕೆ ಒಂದು ಕಂಬೀನೂ ಬೇಕು’ ಅಂದೆ.

‘ಎಷ್ಟು ಎತ್ತರಕ್ಕೆ?’

ಕಾರಿನೊಳಗೇ ಕೈ ಚಾಚಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ, ಸರಿ ಎಂದು ತಲೆಯಾಡಿಸಿ, ಎಳನೀರು ಕುಡಿದು ಬಂದು ಗಾಡಿ ಹತ್ತಿದರು.