ಗೋಪಿನಾಥರಾಯರ ಕಣ್ಣು

ರಾಕ್‌ವಿಲ್‌ನ ಉಷಾಗೆ ಇದ್ದದ್ದು ಅಂತಿಂಥ ಹಟವಲ್ಲ. ಹುಟ್ಟುತ್ತಲೇ ತಂದದ್ದು ಎಂದು ಗಂಡ ರವಿಶಂಕರ್ ರೇಗಿಸುತ್ತಿದ್ದ. ತಂದಿರಲಿ ಬಿಡಿ, ಆ ಹಟ ಇಲ್ಲದಿದ್ದರೆ ಗೋಪಿನಾಥರಾಯರು ಕುರುಡರಾಗಿಯೇ ಉಳಿಯುತ್ತಿದ್ದರು.

ರಾಯರು ಅವಳ ಅತ್ತೆ ರಾಜಲಕ್ಷ್ಮಿಯವರ ಮುತ್ತಜ್ಜ. ಒಂದು ಸಣ್ಣ ಸಂಸ್ಥಾನದ ಕುದುರೆ ಲಾಯ ನೋಡಿಕೊಳ್ಳುತ್ತಿದ್ದವರು. ಅಲ್ಲಿನ ರಾಜ ತನ್ನ ಚಿತ್ರ ಬರೆಸಲು ಇಂಗ್ಲಿಷ್ ಚಿತ್ರಕಾರನೊಬ್ಬನನ್ನು ಕರೆಸಿದ್ದ. ತನ್ನ ಮೆಚ್ಚಿನ ಕುದುರೆಯ ಪ್ರಾಣ ಉಳಿಸಿದ್ದಕ್ಕೆ ರಾಯರದ್ದೂ ಒಂದು ಬರೆಸಿಕೊಟ್ಟ. ಆನೆದಂತದ ತೆಳು ಬಿಲ್ಲೆ, ಅದರ ಮೇಲೆ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಮುಖ. ಅತ್ತೆ ಸೊಸೆಯನ್ನು ನಂಬಿ ಅದನ್ನು ಅವಳ ಕೈಗೆ ಕೊಟ್ಟು ಅಮೆರಿಕಕ್ಕೆ ಕಳಿಸಿದ್ದರು.

ಸೊಸೆ ಮಾಡಿದ್ದೇನು? ತೊಂಬತ್ತನಾಲ್ಕರ ಆಯುಧಪೂಜೆ. ಕಾರು, ಕಂಪ್ಯೂಟರು, ದೇವರ ಪಟ ಎಲ್ಲ ಒರೆಸಿ ಗಂಧ ಕುಂಕುಮ ಇಡುವ ಸಂಭ್ರಮ. ರಾಯರ ಚಿತ್ರದ ಗಾಜಿನೊಳಗೆ ಮಬ್ಬು ಹಿಡಿದಿದೆ ಎಂದು ಚೌಕಟ್ಟು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಮುಖವನ್ನೇ ಒರೆಸಿಬಿಟ್ಟಳು. ಅಯ್ಯೋ, ಅದು ನೀರುಬಣ್ಣ! ಪೇಟ ಉಳಿಯಿತು, ಮೂಗು ಮೀಸೆ ಮಾಸಿದವು, ಕಣ್ಣೆರಡೂ ಬಟ್ಟೆಗೆ ಬಂದವು.

ಮ್ಯೂಸಿಯಂನ ತಜ್ಞರೊಬ್ಬರು ಇನ್ನು ಮುಟ್ಟಬೇಡಿ ಎಂದರು. ಉಷಾ ಕೇಳುವ ಪೈಕಿಯೇ? ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ಮುರುಕಲು ಪಿಯಾನೋ ತಂದು, ಅದರ ಕೀಗಳ ಮೇಲಿನ ದಂತದ ಪಟ್ಟಿಗಳನ್ನು ಕಿತ್ತು, ಅವುಗಳ ಮೇಲೆ ಕೈ ಪಳಗಿಸಿದಳು. ಕೆಲಸ ಮಾಡುವ ಲ್ಯಾಬಿನಿಂದ ಬಂದವಳೇ ಭೂತಗನ್ನಡಿ ಹಿಡಿದು ಕೂರುವಳು. ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಕೊನೆಗೊಮ್ಮೆ ಧೈರ್ಯ ಮಾಡಿ, ಮಾಸಿದ ಗೆರೆಯ ಜಾಡು ಹಿಡಿದು ರಾಯರ ಮೂಗು ಮೀಸೆ ಎಬ್ಬಿಸಿದಳು. ಕಣ್ಣಿಗೆ ಮಾತ್ರ ಗೆರೆಯೇ ಉಳಿದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಹೊರಟಿದ್ದಾರೆ ಎಂಬ ಸುದ್ದಿ ಬಂತು.

"ಯಾವುದೋ ಒಂದು ಜೊತೆ ಕಣ್ಣು ಬರೆದ್ಬಿಡು ಮಾರಾಯ್ತಿ, ಅಮ್ಮಂಗೆ ಗೊತ್ತಾಗಲ್ಲ," ಎಂದ ರವಿಶಂಕರ್.

"ರಾಯರು ಯಾರದ್ದೋ ಕಣ್ಣಲ್ಲಿ ನೋಡ್ಬೇಕಾ? ಆಗಲ್ಲ," ಎಂದಳು ಉಷಾ.

ಅತ್ತೆ ಬಂದು ಕಾಫಿ ಕುಡಿದ ಮೇಲೆ ಉಷಾ ಬಿಲ್ಲೆಯನ್ನು ತಾನೇ ತಂದು ಮುಂದಿಟ್ಟಳು.

"ಏನೇ ಮಾಡಿದೆ ಇದಕ್ಕೆ?"

"ನಾನೇ ಒರೆಸಿ ಹಾಳು ಮಾಡ್ದೆ ಅತ್ತೆ. ನಾನೇ ಬರೀತಿದೀನಿ. ನಿಮಗೆ ಅವರದ್ದೇ ಕಣ್ಣು ಅಂತ ಎಲ್ಲರೂ ಹೇಳ್ತಾರೆ. ಕಿಟಕಿ ಹತ್ರ ಸ್ವಲ್ಪ ಕೂತ್ಕೊಳ್ತೀರಾ?"

ಅತ್ತೆ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಊಟಕ್ಕಷ್ಟೇ ಹೊರಗೆ ಬರುವರು. ಆದರೂ ಉಷಾ ಕಿಟಕಿಯ ಬಳಿ ಹಾಕಿದ್ದ ಕುರ್ಚಿ ತೆಗೆಯಲಿಲ್ಲ. ದಿನಾ ಬೆಳಿಗ್ಗೆ ಬಣ್ಣ ಕಲಸಿಟ್ಟು ಕಾಯುವಳು, ಬಣ್ಣ ಒಣಗುವುದು, ಮಾರನೆಯ ದಿನ ಮತ್ತೆ ಕಲಸುವಳು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ತಲೆ ಬಾಚಿ, ರೇಷ್ಮೆ ಸೀರೆಯುಟ್ಟು ಬಂದು ಕುರ್ಚಿಯಲ್ಲಿ ಕೂತರು.

"ವಿಗ್ರಹಕ್ಕೂ ಕಣ್ಣು ತೆರೆಸೋದು ಕೊನೆಗೇ ತಾನೆ. ಹ್ಞೂಂ, ಬರಿ."

ಉಷಾ ಕುಂಚ ಎತ್ತಿದಳು. "ಅಲುಗಾಡ್ಬೇಡಿ ಅತ್ತೆ."

"ನಾನೆಲ್ಲಿ ಅಲುಗಾಡ್ತಿದೀನಿ? ನೀನು ಮೊದಲು ಅಳೋದು ನಿಲ್ಸು. ಮತ್ತೆ ನೀರು ಬಿದ್ದೀತು."