ಹಿಂಬದಿಯ ಬಾಡಿಗೆ ಕೋಣೆ

ಹುರಿದ ಕಾಫಿಯ ವಾಸನೆಯನ್ನು ಹೊಗಳುವವರು ಬಹಳ ಜನ. ಹುರಿಯದ ಬೀಜಕ್ಕೂ ಒಂದು ವಾಸನೆ ಇದೆ ಎಂಬುದು ಅದರ ಜೊತೆ ಕೆಲಸ ಮಾಡಿದವರಿಗಷ್ಟೇ ಗೊತ್ತು. ಒಣಹುಲ್ಲಿನಂಥದ್ದು, ಜೊತೆಗೆ ಗೋಣಿಯ ಧೂಳು... ಕಳೆದ ತಿಂಗಳು ಹಾಸನದಲ್ಲಿ ಕಾಫಿಪುಡಿ ಅಂಗಡಿಯ ಮುಂದೆ ನಿಂತಿದ್ದಾಗ ಅಂಗಡಿಯವರು ಹೊಸ ಚೀಲವೊಂದರ ಹೊಲಿಗೆ ಬಿಚ್ಚಿದರು. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಪುಡಿ ಕೊಳ್ಳದೆ ಮನೆಗೆ ಬಂದುಬಿಟ್ಟೆ.

ಅಕ್ಕನ ಸೀರೆಗೆ ಆ ವಾಸನೆ ಇರುತ್ತಿತ್ತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಎಂಟು ವರ್ಷದ ಹಿಂದೆ ಸಕಲೇಶಪುರದಲ್ಲಿ ನಾನು ಕೆಲಸಕ್ಕಿದ್ದ ಸಂಸ್ಥೆಯೊಂದರ ಮನೆಯಲ್ಲಿ ಅವರು ಒಂದೂವರೆ ವರ್ಷ ಇದ್ದರು. ಮಾನಸಿಕ ಕಾಯಿಲೆಗೆ ಆಸ್ಪತ್ರೆಯ ಚಿಕಿತ್ಸೆ ಮುಗಿದಿದೆ, ಆದರೆ ಹಿಂದಿರುಗಲು ಮನೆಯಿಲ್ಲ, ಅಂಥ ಹೆಂಗಸರಿಗೆ ಅಲ್ಲಿ ಜಾಗ. ಒಂದು ಸಲಕ್ಕೆ ಆರು ಜನ. ಹದಿನೆಂಟು ತಿಂಗಳೊಳಗೆ ಅಡುಗೆ, ಸಂತೆ, ಬ್ಯಾಂಕು, ತಮ್ಮ ಮಾತ್ರೆ, ಎಲ್ಲವನ್ನೂ ತಾವೇ ನೋಡಿಕೊಳ್ಳುವುದು ರೂಢಿಯಾಗಿ, ಒಂದು ಕೆಲಸ ಹಿಡಿದು, ಊರೊಳಗೆ ಬಾಡಿಗೆ ಕೋಣೆಗೆ ಹೋಗಬೇಕು. ಆಮೇಲೂ ಆರು ತಿಂಗಳು ನಾವು ತಿಂಗಳಿಗೊಮ್ಮೆ ಹೋಗಿ ನೋಡಿ ಬರಬೇಕು. ನಾನು ಆಗತಾನೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬಂದವಳು. ಅಕ್ಕನ ಜವಾಬ್ದಾರಿ ನನ್ನದಾಗಿತ್ತು. ನನಗಿಂತ ಇಪ್ಪತ್ತು ವರ್ಷ ದೊಡ್ಡವರ ಜವಾಬ್ದಾರಿ.

ಅವರು ಹೆತ್ತೂರು ಕಡೆಯ ಕಾಫಿ ಎಸ್ಟೇಟೊಂದರ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದವರು. ಲೈನ್ ಮನೆ ಎಂದರೆ ಕೆಲಸ ಇರುವವರೆಗೆ ಮನೆ. ಕಾಯಿಲೆ ಬಿದ್ದು ಎರಡು ವರ್ಷ ಆಸ್ಪತ್ರೆಯಲ್ಲಿದ್ದು ಬರುವಷ್ಟರಲ್ಲಿ ಗಂಡ ಬೇರೊಂದು ಎಸ್ಟೇಟಿಗೆ ಹೋಗಿ ಇನ್ನೊಂದು ಮದುವೆಯಾಗಿದ್ದ. ಅವರಿದ್ದ ಮನೆಯಲ್ಲಿ ಬೇರೆ ಸಂಸಾರವಿತ್ತು. ಪಾತ್ರೆಪಡಗ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ.

"ನಲವತ್ನಾಕು ವರ್ಸ ಆತು ಮೇಡಮ್ಮ, ಇದು ನಂದು ಅಂತ ಒಂದ್ ಬಾಗ್ಲು ಹಾಕ್ಕಂಡಿಲ್ಲ ನಾನು" ಎಂದಿದ್ದರು ಒಂದು ಸಲ. ಹೀಗೆಯೇ ಹೇಳಿದರೇ? ನನ್ನ ಡೈರಿಯಲ್ಲಿ ಈ ಮಾತಿಲ್ಲ. ಕಾಲೇಜಿನ ದಿನಗಳಿಂದ ಬಿಡದೆ ಬರೆಯುತ್ತ ಬಂದ ಡೈರಿ ಅದು. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಸ್ವಂತ ಜಾಗದ ಅಗತ್ಯದ ಬಗ್ಗೆ ಮಾತನಾಡಿದರು." ಅಕ್ಕನ ಮಾತನ್ನು ಕೇಳಿಸಿಕೊಂಡು ಇಂಥ ವಾಕ್ಯ ಬರೆದವಳನ್ನು ನಂಬಬೇಕೋ, ಇಷ್ಟು ವರ್ಷದ ಮೇಲೆ ಮಾತು ನೆನಪಿದೆ ಎನ್ನುವವಳನ್ನು ನಂಬಬೇಕೋ...

ಗ್ಯಾಸ್ ಒಲೆಗೆ ಅವರು ಹೆದರುತ್ತಿದ್ದದ್ದಂತೂ ನಿಜ. ಕಡ್ಡಿ ಗೀರಿ, ಮುಖ ಅತ್ತ ತಿರುಗಿಸಿ, ತೋಳು ಚಾಚಿ ಹಚ್ಚುತ್ತಿದ್ದರು. ನಾನು ನಕ್ಕಿದ್ದೆ. ಅದಾಗಿ ಸ್ವಲ್ಪ ದಿನಕ್ಕೆ ಸಿಲಿಂಡರ್ ಖಾಲಿಯಾಗಿ, ಹಿತ್ತಲಿನ ಸೌದೆ ಒಲೆ ಹಚ್ಚುವ ಸರದಿ ನನ್ನದಾಯಿತು. ಎಷ್ಟು ಊದಿದರೂ ಹೊಗೆಯೇ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದರು.

"ಎಷ್ಟು ವರ್ಸ ಓದಿದೀರಿ ಮೇಡಮ್ಮ?"

"ಹದಿನೇಳು."

"ಅಷ್ಟ್ರಾಗೆ ಒಲೆ ಹಚ್ಚೋ ಪಾಠ ಒಂದಿನಾನೂ ಬರ್ಲಿಲ್ವಾ? ಏಳ್ರಿ ಅತ್ಲಾಗೆ. ನೀವು ಹೋಗಿ ಬರ್ಕಳಿ."

ಕೆಲಸ ಬೇಗ ಸಿಕ್ಕಿತು. ಊರಿನ ಕಾಫಿ ಗೋಡೌನೊಂದರಲ್ಲಿ ಬೀಜ ಆರಿಸುವುದು. ಕಪ್ಪಾದದ್ದು, ಒಡೆದದ್ದು, ಹುಳ ಹೊಡೆದದ್ದು ಬೇರೆ ಮಾಡಬೇಕು. ಅವರ ಬೆರಳು ಮೊರದ ಮೇಲೆ ಓಡುವಾಗ ಕಣ್ಣು ಬೇರೆ ಕಡೆ ಇರುತ್ತಿತ್ತು, ಬಾಯಿ ಇನ್ನೊಬ್ಬರ ಜೊತೆ ಮಾತಾಡುತ್ತಿತ್ತು. ಕೆಲಸದ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಕೋಣೆ ಹುಡುಕಲು ಹೊರಟಾಗ ಕಷ್ಟ ಶುರುವಾಯಿತು.

ಮನೆಯವರು "ಎಲ್ಲಿಂದ ಬಂದಿದೀರಿ?" ಎಂದು ಕೇಳುವುದೇ ತಡ, ಅಕ್ಕ ಹೇಳಿಬಿಡುತ್ತಿದ್ದರು. "ದಿಬ್ಬದ ಮೇಲೆ ಹೆಂಗಸ್ರ ಮನೆ ಐತಲ್ಲ, ಅಲ್ಲಿಂದ. ತಲೆ ಕೆಟ್ಟಿತ್ತು. ಈಗ ಸರಿಯಾಗೈತೆ. ಮಾತ್ರೆ ತಗತೀನಿ."

ಯಾರೂ ಒರಟಾಗಿ ಮಾತಾಡಲಿಲ್ಲ. ಕಾಫಿ ಕೊಟ್ಟವರೂ ಇದ್ದರು. ಆದರೆ ಒಂದು ಮನೆಗೆ ತಮ್ಮ ಬರುವವನಿದ್ದ, ಇನ್ನೊಂದಕ್ಕೆ ಅಳಿಯ, ಮತ್ತೊಂದಕ್ಕೆ ಚಿಕ್ಕಮ್ಮನ ಮಗ. ಐದನೆಯ ಮನೆಯಿಂದ ಇಳಿದು ಬರುವಾಗ ಅಕ್ಕ ಅಂದರು, "ಈ ಊರಿಗೆ ಏಟೊಂದು ನೆಂಟ್ರು ಬರ್ತಾವ್ರೆ ನೋಡ್ರಿ. ಹಬ್ಬ ಏನಾರ ಐತಾ?"

ನನಗೆ ನಗು ಬರಲಿಲ್ಲ. ಹದಿನೆಂಟು ತಿಂಗಳು ತುಂಬಲು ಮೂರು ವಾರವಷ್ಟೇ ಉಳಿದಿತ್ತು. ಅವರ ಮಂಚಕ್ಕೆ ಇನ್ನೊಬ್ಬರ ಹೆಸರು ಬಂದಾಗಿತ್ತು. ಕೋಣೆ ಸಿಗದಿದ್ದರೆ ದೂರದ ನಿರಾಶ್ರಿತರ ಕೇಂದ್ರಕ್ಕೆ ಬರೆಯಬೇಕು. ಮತ್ತೆ ಸಾಲು ಮಂಚ, ಗಂಟೆ ಹೊಡೆದಾಗ ಊಟ. ಒಂದೂವರೆ ವರ್ಷ ಮಾಡಿದ್ದೆಲ್ಲ ಅಲ್ಲಿಗೆ ಮುಗಿಯುತ್ತಿತ್ತು.

ಆರನೆಯ ಮನೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿತ್ತು. ಲಾರಿ ಓಡಿಸುತ್ತಿದ್ದ ಸಾಹೇಬರೊಬ್ಬರ ಮನೆ. ಅವರು ತೀರಿಕೊಂಡ ಮೇಲೆ ಹೆಂಡತಿ ಹಿಂಬದಿಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಶೀಟ್ ಹಾಕಿದ ಒಂದೇ ಕೋಣೆ, ಆದರೆ ಓಣಿಗೆ ಅದರದೇ ಬಾಗಿಲು. ಒಳಗೆ ಹೋಗುವ ಮುಂಚೆ ನಾನು ಅಕ್ಕನಿಗೆ ಹೇಳಿದೆ: "ಇವತ್ತು ನೀವು ಮಾತಾಡಬೇಡಿ. ನಾನು ಮಾತಾಡ್ತೀನಿ."

ಓನರಮ್ಮನೂ ಅದೇ ಪ್ರಶ್ನೆ ಕೇಳಿದರು. ನಾನು ಹೇಳಿದೆ: "ನಮ್ಮ ದೂರದ ನೆಂಟರು. ಹೊಂಗಡಹಳ್ಳದವರು. ಗಂಡ ತೀರಿಹೋದರು, ಗೋಡೌನಿನಲ್ಲಿ ಕೆಲಸ ಮಾಡ್ತಾರೆ." ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯವಾಯಿತು. ಕೋಣೆ ಸಿಕ್ಕಿತು.

ಅಕ್ಕ ಮುಂದೆ ಮುಂದೆ ನಡೆದು ಓಣಿ ದಾಟಿದರು. ಆಮೇಲೆ, "ನಮ್ಮನೇವನ್ನ ಸಾಯಿಸ್ಬುಟ್ರಲ್ಲ ಮೇಡಮ್ಮ. ನಾನು ಮಾಡ್ಬೇಕು ಅಂತಿದ್ದ ಕೆಲ್ಸ" ಎಂದು ನಕ್ಕರು. ನಾನೂ ನಕ್ಕೆ. ಸೇತುವೆಯ ಹತ್ತಿರ ಬರುವಾಗ ಅವರು ನಗುತ್ತಿರಲಿಲ್ಲ.

"ಸುಳ್ಳು ಹೇಳಿ ಮನೆ ತಗಂಡ್ರೆ, ದಿನಾ ಬೆಳಗ್ಗೆ ಅದನ್ನ ನೆನಪು ಮಾಡ್ಕಂಡು ಏಳ್ಬೇಕು. ನನ್ನ ತಲೆ ಈಗಷ್ಟೇ ಸರಿಯಾಗೈತೆ. ಅದ್ರಾಗೆ ಅಷ್ಟು ಜಾಗ ಇಲ್ಲ ಕಣ್ರೀ."

"ಸ್ವಲ್ಪ ದಿನ ಅಷ್ಟೇ ಅಕ್ಕ" ಅಂದೆ. ಸ್ವಲ್ಪ ದಿನದ ನಂತರ ಏನು ಎಂದು ಅವರು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಮೊದಲನೆಯ ಭೇಟಿಗೆ ನಡೆದೇ ಹೋಗಿದ್ದೆ. ಬಾಗಿಲು ತೆರೆದಿತ್ತು, ಒಳಗೆ ಅಕ್ಕ ಕೂತಿದ್ದರು. ಹೊಸ್ತಿಲ ಮೇಲೆ ಕಾಲಿಡಬೇಕು, ಅಷ್ಟರಲ್ಲಿ "ಬಡೀರಿ" ಅಂದರು. ತೆರೆದ ಬಾಗಿಲನ್ನೇ ಬಡಿದೆ. "ಯಾರೂ?" ಅಂದರು ಗಂಭೀರವಾಗಿ. ಹೆಸರು ಹೇಳಿದೆ. ಸ್ವಲ್ಪ ಯೋಚಿಸಿದವರ ಹಾಗೆ ಮಾಡಿ, "ಬರ್ಬೌದು" ಅಂದರು. ಆ ಬಾಗಿಲು ನೀಲಿ ಎಂದು ನನ್ನ ನೆನಪು. ಡೈರಿಯಲ್ಲಿ ಹಸಿರು ಎಂದಿದೆ.

ಮೂರನೆಯ ಭೇಟಿಗೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಸುತ್ತಿ ಬಳಸಿ ಬರೆಯುತ್ತಿದ್ದೇನೆ ಎಂಬುದು ನನಗೆ ಗೊತ್ತು.

ನಮ್ಮಲ್ಲಿ ಒಂದು ಜೀಪ್ ಇತ್ತು. ಎರಡೂ ಬದಿಯ ಬಾಗಿಲ ಮೇಲೆ ಸಂಸ್ಥೆಯ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಮಾನಸಿಕ ಅಸ್ವಸ್ಥ ಮಹಿಳೆಯರ ಪುನರ್ವಸತಿ' ಎಂದು ಬರೆಸಿದ್ದರು. ಕೋಣೆಗೆ ಹೋದವರ ಮನೆ ಮುಂದೆ ಆ ಜೀಪ್ ನಿಲ್ಲಬಾರದು, ದೂರದಲ್ಲೇ ಇಳಿದು ನಡೆಯಬೇಕು ಎಂದು ನಾನು ಸೇರಿದ ಮೊದಲ ವಾರವೇ ಹೇಳಿಕೊಟ್ಟಿದ್ದರು. ಮೂರನೆಯ ಭೇಟಿ ಜುಲೈನಲ್ಲಿ. ಮಳೆ ಹೇಗಿತ್ತೆಂದು ಆ ಊರು ಬಲ್ಲವರಿಗೆ ಹೇಳಬೇಕಾಗಿಲ್ಲ. ನನ್ನ ನೆನಪಿನಲ್ಲಿ ನಾನು ಓಣಿಯಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದೇನೆ. ಸೀರೆಯ ಅಂಚು ಕೆಸರಾಗಿದೆ. ಇಷ್ಟು ವರ್ಷ ಹಾಗೆಯೇ ಇತ್ತು. ಮುಂದೆ ನಡೆದದ್ದಕ್ಕೆ ಗೋಡೌನಿನಲ್ಲಿ ಯಾರೋ ಬಾಯಿಬಿಟ್ಟಿರಬೇಕು ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ.

ಆ ಭೇಟಿಯಾಗಿ ಹತ್ತು ದಿನಕ್ಕೆ ಅಕ್ಕ ಗಂಟು ಹಿಡಿದು ದಿಬ್ಬದ ಮನೆಗೆ ಬಂದರು. "ಓನರಮ್ಮ ಬಿಡು ಅಂದ್ರು" ಎಂದರಷ್ಟೇ. ಕಾರಣ ಕೇಳಿದರೆ, "ಏನೋ ಅವರ ತಾಪತ್ರಯ" ಅಂದರು. ಅವರ ಮಂಚದಲ್ಲಿ ಬೇರೆಯವರಿದ್ದರು. ಎರಡು ದಿನ ವರಾಂಡದಲ್ಲಿ ಮಲಗಿದ್ದು, ಹೆಗ್ಗದ್ದೆ ಕಡೆಯ ಎಸ್ಟೇಟಿಗೆ ಆಳು ಕರೆದೊಯ್ಯುತ್ತಿದ್ದ ಮೇಸ್ತ್ರಿಯ ಜೊತೆ ಹೊರಟುಹೋದರು. ಮತ್ತೆ ಲೈನ್ ಮನೆಗೆ. ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆನೇ? ಹೋಗಿದ್ದೆ ಎಂದುಕೊಂಡಿದ್ದೇನೆ... ಮಾತ್ರೆಯ ಡಬ್ಬಿ ಅವರ ಕೈಗೆ ಕೊಟ್ಟದ್ದು ಮಾತ್ರ ಖಂಡಿತ. ನೋಡಲು ಹೋಗುತ್ತೇನೆ ಎಂದು ಮೂರು ತಿಂಗಳು ಮುಂದೂಡಿದೆ. ಆಮೇಲೆ ಫೋನ್ ಮಾಡಿದರೆ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್, "ಯಾರ್ರೀ ಅದು? ಆ ಗುಂಪು ಆಗ್ಲೇ ಹೋಗ್ಬುಡ್ತಲ್ಲ" ಅಂದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ಕಾಫಿಪುಡಿ ಅಂಗಡಿಯಿಂದ ಬರಿಗೈಲಿ ಬಂದ ದಿನ ಹಳೆಯ ಡೈರಿಗಳನ್ನು ಕೆಳಗಿಳಿಸಿದೆ. ಮೂರನೆಯ ಭೇಟಿಯ ಪುಟ ಸಿಕ್ಕಿತು. ನನ್ನದೇ ಅಕ್ಷರ: "ಜೋರು ಮಳೆ. ಜೀಪ್ ಸಿಕ್ಕಿದ್ದು ಒಳ್ಳೆಯದಾಯಿತು, ಬಾಗಿಲವರೆಗೂ ಹೋಯಿತು. ಮುಕ್ಕಾಲು ಗಂಟೆ ಕೂತಿದ್ದೆ. ಅಕ್ಕ ಚೆನ್ನಾಗಿದ್ದಾರೆ."

ಕೊಡೆ ಎಲ್ಲಿಂದ ಬಂತು ಹಾಗಾದರೆ? ಕೆಸರಾದ ಸೀರೆ ಯಾವ ದಿನದ್ದು? ಎದ್ದು ಅಡುಗೆಮನೆಗೆ ಹೋದೆ, ಬಂದೆ, ಮತ್ತೆ ಓದಿದೆ. ಅದೇ ಇತ್ತು.

ಎರಡು ದಿನ ಬಿಟ್ಟು ಸಕಲೇಶಪುರದ ಬಸ್ಸು ಹತ್ತಿದೆ. ಆ ಓಣಿ ಹುಡುಕುವುದು ಕಷ್ಟವಾಗಲಿಲ್ಲ. ಓನರಮ್ಮ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿ, "ಹೊಂಗಡಹಳ್ಳದ ನೆಂಟ್ರು ಅಂದಿದ್ರಲ್ಲ, ನೀವೇ ಅಲ್ವಾ?" ಅಂದರು.

ನಾನು ಕೂತೆ. "ಅವತ್ತು ನಾನು ಹೇಳಿದ್ದು ಸುಳ್ಳು" ಅಂದೆ.

"ಗೊತ್ತು ಬಿಡಮ್ಮ. ಅವಳು ಬಂದ ನಾಕನೇ ದಿನಕ್ಕೇ ಹೇಳಿದ್ಲು. ಬೆಳಗ್ಗೆ ಬಂದು ಇಲ್ಲೇ ನಿಂತ್ಕೊಂಡು, 'ನನ್ನ ಗಂಡ ಸತ್ತಿಲ್ಲ, ನಂಗೆ ತಲೆ ಕೆಟ್ಟಿತ್ತು, ಮಾತ್ರೆ ತಗತೀನಿ. ಈಗ ಹೇಳಿ, ಇರ್ಲಾ ಹೋಗ್ಲಾ' ಅಂದ್ಲು."

"ನೀವು ಏನಂದ್ರಿ?"

"ನಾನೂ ಮಾತ್ರೆ ತಗೋತೀನಿ ಶುಗರಿಗೆ, ಇರು ಅಂದೆ. ಬೀದಿಯೋರಿಗೆ ಹೇಳೋದು ಬೇಡ, ನಮ್ಮಿಬ್ಬರಲ್ಲೇ ಇರ್ಲಿ ಅಂದೆ. ಸಾಯಂಕಾಲ ಬಂದು ಜೊತೇಲಿ ಕೂರ್ತಿದ್ಲು. ಎಷ್ಟು ನಗಿಸ್ತಿದ್ಲು ಮಾರಾಯ್ತಿ, ನಮ್ಮನೆಯವರು ಹೋದ್ಮೇಲೆ ನಾನು ನಕ್ಕಿದ್ದೇ ಆವಾಗ."

"ಮತ್ತೆ ಯಾಕೆ ಬಿಡಿಸಿದ್ರಿ?"

ಅವರ ಕೈ ನಿಂತಿತು. "ನೀವು ಜೀಪ್ ತಂದ್ರಲ್ಲಮ್ಮ. ಮಳೇಲಿ ಎಲ್ಲರೂ ಬಾಗ್ಲಲ್ಲೇ ನಿಂತಿದ್ರು. ಓದಕ್ಕೆ ಬರೋರು ಓದಿದ್ರು, ಬರದೋರು ಕೇಳಿ ತಿಳ್ಕೊಂಡ್ರು. ಸಾಯಂಕಾಲಕ್ಕೆ ಮೂರು ಮನೆಯೋರು ಬಂದ್ರು. ನಂಗೆ ಮಗಳು ಮದುವೆಗಿದ್ಲು. ಒಂದು ವಾರ ತಡ್ಕೊಂಡೆ. ಆಮೇಲೆ ಆಗ್ಲಿಲ್ಲ. ನಂದೂ ತಪ್ಪೇ, ಇಲ್ಲ ಅನ್ನಲ್ಲ."

ನನ್ನ ಸುಳ್ಳನ್ನು ಅಕ್ಕ ನಾಲ್ಕೇ ದಿನದಲ್ಲಿ ತೆಗೆದುಹಾಕಿ ಆ ಕೋಣೆಯನ್ನು ತಮ್ಮದು ಮಾಡಿಕೊಂಡಿದ್ದರು. ನಾನು ಮಳೆಯಲ್ಲಿ ನೆನೆಯಬಾರದೆಂದು ಜೀಪಿನಲ್ಲಿ ಹೋಗಿದ್ದೆ.

"ನನ್ನ ಬಗ್ಗೆ ಏನಾದರೂ ಅಂದರಾ?" ಕೇಳಬಾರದಿತ್ತು, ಕೇಳಿದೆ.

"ಏನಿಲ್ಲ. ಹೋಗೋವಾಗ, 'ಜೀಪಿನ ವಿಷ್ಯ ಮೇಡಮ್ಮಂಗೆ ಹೇಳ್ಬೇಡಿ, ಸಣ್ಣ ವಯಸ್ಸು, ಮನಸಿಗೆ ಹಚ್ಕಂಬುಡ್ತಾರೆ' ಅಂದ್ಲು. ನಾನೂ ಹೇಳ್ತಿರ್ಲಿಲ್ಲ. ನೀವೇ ಕೇಳಿದ್ರಿ."

ಓನರಮ್ಮ ಕೋಣೆ ತೋರಿಸಲು ಎದ್ದರು. ಬೇಡವೆಂದೆ. ಅಕ್ಕ ಮತ್ತೆಂದಾದರೂ ಬಂದಿದ್ದರೇ ಎಂದು ಕೇಳಿದೆ. ಇಲ್ಲವಂತೆ. ಎಲ್ಲಿದ್ದಾರೆಂದು ಅವರಿಗೂ ತಿಳಿಯದು.

ಬಸ್ ಸ್ಟ್ಯಾಂಡಿಗೆ ಬಂದಾಗ ಹೆತ್ತೂರಿನ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಇಳಿಯುತ್ತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದೆ. ಈಗ ಐವತ್ತು ದಾಟಿದವರು ಹೇಗಿರಬಹುದು... ನೋಡುತ್ತ ನಿಂತಾಗಲೇ ತಿಳಿದದ್ದು, ಅವರ ಮುಖ ನನಗೆ ನೆನಪಿಲ್ಲ. ಬೆರಳುಗಳು ಗೊತ್ತು, ದನಿ ಗೊತ್ತು, ಮುಖವಿಲ್ಲ. ಡೈರಿಯಲ್ಲೂ ಎಲ್ಲೂ ಬರೆದಿಲ್ಲ. ಅವರು ನನ್ನೆದುರಿಗೇ ಇಳಿದು ಹೋದರೂ ನನಗೆ ಗೊತ್ತಾಗುವುದಿಲ್ಲ. ಗುರುತು ಹಿಡಿದು ಕರೆಯಬೇಕಾದವರು ಅವರೇ. ಕರೆಯುತ್ತಾರೋ ಇಲ್ಲವೋ.

ಹಾಸನದ ಬಸ್ಸು ಹೊರಟಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ. ನಾನು ಹತ್ತಲಿಲ್ಲ. ಹೆತ್ತೂರಿನಿಂದ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಪಕ್ಕದವರನ್ನು ಕೇಳಿದೆ.