ಸದ್ದಿಲ್ಲದ ಬಸ್ಸನ್ನು ಕಲಿಯುತ್ತಿರುವ ಕಿವಿಯಣ್ಣ

ಬೆಳಕು ಹರಿಯುವ ಹೊತ್ತು. ಬಸ್ ಡಿಪೋದ ಎಂಜಿನ್ ಶೆಡ್ಡಿನಲ್ಲಿ ಒಬ್ಬರು ನೆಲದ ಡೀಸೆಲ್ ಕಲೆಯ ಮೇಲೆ ಮರದ ಹೊಟ್ಟು ಚೆಲ್ಲಿ, ಅದು ಎಣ್ಣೆ ಹೀರುವವರೆಗೂ ಕಾದು ಗುಡಿಸುತ್ತಿದ್ದಾರೆ. ಗುಡಿಸಿದ ಜಾಗದಲ್ಲಿ ಹಳೆಯ ಕಂಬಳಿ ಹಾಸಿ, ಬ್ಯಾಟರಿ ಸ್ಕೂಟರಿನಿಂದ ಬಿಚ್ಚಿದ ಮೋಟಾರನ್ನು ಅದರ ಮೇಲೆ ಇಡುತ್ತಾರೆ.

ಡಿಪೋದಲ್ಲಿ ಎಲ್ಲರಿಗೂ ಇವರು ಕಿವಿಯಣ್ಣ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ರೋಗ ಹೇಳುವವರು. "ಎಂಜಿನ್ ಕೆಮ್ಮಿದ್ರೆ ಕೇಳ್ಸತ್ತೆ, ನಾನು ಕೂಗಿದ್ರೆ ಕೇಳ್ಸಲ್ಲ" ಎಂಬುದು ಹೆಂಡತಿಯ ದೂರು.

ಹೋದ ವರ್ಷ ಡಿಪೋಗೆ ಮೊದಲ ಬ್ಯಾಟರಿ ಬಸ್ಸು ಬಂತು. ಡ್ರೈವರ್ ಅದನ್ನು ಆಫ್ ಮಾಡದೆ ಇಳಿದಿದ್ದ. ಸದ್ದಿಲ್ಲವಲ್ಲ, ನಿಂತಿದೆ ಎಂದುಕೊಂಡರು ಕಿವಿಯಣ್ಣ. ಡ್ರೈವರ್ ಸೀಟಿನ ಕೆಳಗೆ ಒರೆಸಲು ಬಗ್ಗಿದಾಗ ಮೊಣಕೈ ಪೆಡಲನ್ನು ಒತ್ತಿತು. ಬಸ್ಸು ಬೆಕ್ಕಿನ ಹಾಗೆ ಸದ್ದಿಲ್ಲದೆ ಮುಂದೆ ಹೋಗಿ ನೀರಿನ ತೊಟ್ಟಿಯ ಗೋಡೆ ಕೆಡವಿತು. ಯಾರಿಗೂ ಪೆಟ್ಟಾಗಲಿಲ್ಲ. ಗೋಡೆಯನ್ನು ಮತ್ತೆ ಕಟ್ಟಿದ್ದು ಅವರೇ. ಹೊಸ ಇಟ್ಟಿಗೆಗಳು ಇನ್ನೂ ಎದ್ದು ಕಾಣುತ್ತವೆ. ಜೊತೆಯವರು ಕೆಲವು ದಿನ ತೊಟ್ಟಿಯಣ್ಣ ಎಂದು ಕರೆದರು. ಅವರೂ ನಕ್ಕರು. ಆಮೇಲೆ ಮಗಳ ಕೆಟ್ಟುಹೋದ ಬ್ಯಾಟರಿ ಸ್ಕೂಟರನ್ನು ಬಿಚ್ಚಿ ಕಲಿಯಲೆಂದು ಶೆಡ್ಡಿಗೆ ತಳ್ಳಿಕೊಂಡು ಬಂದರು.

ಡೀಸೆಲ್ ಬಸ್ಸುಗಳನ್ನು ಒಂದೊಂದಾಗಿ ನಿಲ್ಲಿಸುತ್ತೇವೆಂದು ಡಿಪೋ ಹೇಳಿಯಾಗಿದೆ. ಹೊಸ ಬಸ್ಸುಗಳ ಜೊತೆ ರಿಪೇರಿಯವರೂ ಹೊರಗಿನಿಂದಲೇ ಬರುತ್ತಾರಂತೆ. ಈ ಹೊಸ ಕೆಲಸ ಕಲಿಯದಿದ್ದರೆ ಶೆಡ್ಡಿನವರಿಗೆ ಉಳಿಯುವುದು ಗೇಟು ಕಾಯುವುದು, ಇಲ್ಲವೇ ಮನೆ. ಕಿವಿಯಣ್ಣನಿಗೆ ನಿವೃತ್ತಿ ಹತ್ತಿರ, ಸುಮ್ಮನಿರಬಹುದಿತ್ತು. ಆದರೆ ಪಾಳಿ ಶುರುವಾಗುವ ಮುಂಚೆ ಎಲ್ಲರನ್ನೂ ಕಂಬಳಿಯ ಸುತ್ತ ಕೂರಿಸುತ್ತಾರೆ. ತಮಗೆ ತಿಳಿಯದ್ದನ್ನು ಬ್ಯಾಟರಿ ಅಂಗಡಿ ನಡೆಸುವ ಒಬ್ಬಾಕೆಯ ಹತ್ತಿರ ಕೇಳಿ ಬರುತ್ತಾರೆ. ಮೊದಲ ಪಾಠ ತೊಟ್ಟಿಯ ಗೋಡೆ ಕಲಿಸಿದ್ದೇ: ಸದ್ದಿಲ್ಲವೆಂದು ನಂಬಬೇಡಿ, ಚಕ್ರಕ್ಕೆ ಕಲ್ಲು ಕೊಡಿ, ಕೀ ಜೇಬಿಗೆ ಹಾಕಿ, ಆಮೇಲೆ ಮುಟ್ಟಿ.

"ಎಣ್ಣೆ ನಿಂತ ದಿನ ಕಲಿಯೋಕೆ ಕೂತ್ರೆ ಆಗಲ್ಲ" ಎನ್ನುತ್ತಾರೆ. "ಎಣ್ಣೆ ಇರುವಾಗ್ಲೇ ಕೈ ಪಳಗ್ಬೇಕು."

ಎಲ್ಲರೂ ಮಾವ ಎಂದು ಕರೆಯುವ ಹಿರಿಯ ವೆಲ್ಡರ್ ತಂತಿ ಹಿಡಿದು ಗೊಣಗುತ್ತಾರೆ. "ಈ ವಯಸ್ಸಲ್ಲಿ ಇದೆಲ್ಲ ನನ್ನ ತಲೆಗೆ ಹತ್ತತ್ತಾ?"

"ತಲೆಗೆ ಬೇಡ ಮಾವ, ಕೈಗೆ ಹತ್ತಿದ್ರೆ ಸಾಕು."

ಸ್ಕೂಟರಿನಲ್ಲಿ ಕಲಿಯುವುದೆಲ್ಲ ಮುಗಿದಿದೆ. ಡಿಪೋದ ಹಿಂದಿನ ಗೋಡೆಯ ಪಕ್ಕ, ತೊಟ್ಟಿಗೆ ಗುದ್ದಿದ ಅದೇ ಬ್ಯಾಟರಿ ಬಸ್ಸು ಮುಖ ಜಜ್ಜಿಸಿಕೊಂಡು ಧೂಳು ತಿನ್ನುತ್ತಿದೆ. ಮ್ಯಾನೇಜರ್ ಚಹಾದ ಲೋಟ ಹಿಡಿದು ಶೆಡ್ಡಿನ ಬಾಗಿಲಿಗೆ ಬರುತ್ತಾರೆ. ಕಿವಿಯಣ್ಣ ಕೈ ಒರೆಸಿಕೊಂಡು ಏಳುತ್ತಾರೆ.

"ಸಾರ್, ಆ ಬಸ್ಸನ್ನ ನಮ್ಗೆ ಕೊಡಿ. ಬ್ಯಾಟರಿ ತೆಗೆದೇ ಕೊಡಿ. ಬಿಚ್ಚಿ, ಇದ್ದ ಹಾಗೇ ಜೋಡಿಸ್ತೀವಿ."

ಮ್ಯಾನೇಜರ್ ಲೋಟದೊಳಗೆ ನೋಡುತ್ತಾರೆ. ಕಂಬಳಿಯ ಸುತ್ತ ಕೂತವರು ಅವರ ಮುಖ ನೋಡುತ್ತಾರೆ. ವೆಲ್ಡರ್ ಮಾವನ ಕೈಯಲ್ಲಿ ತಂತಿ ಹಾಗೇ ಇದೆ.

"ಒಂದೇ ಬಸ್ಸು, ಸಾರ್."